ನಮ್ಮ ಚಾದರದ ಮೇಲೆ ಕಲೆ ಇರಲಿಲ್ಲ

ಜಮಖಂಡಿ ಸಂಸ್ಥಾನದಲ್ಲಿ ನಮ್ಮ ಮನೆತನಕ್ಕೆ ಮೂರು ತಲೆಮಾರಿನ ಮರ್ಯಾದೆ ಇತ್ತು. ನಮ್ಮ ಮಾವನವರ ಅಜ್ಜ ಸಂಸ್ಥಾನದ ದಫ್ತರದಲ್ಲಿದ್ದವರು. ಅವರ ಮಗನೂ ಅಲ್ಲಿಯೇ ಇದ್ದರು, ಮಾವನವರೂ ಅಲ್ಲಿಯೇ. ಆದರೆ ಊರವರು ನಮ್ಮನ್ನು ಗುರುತಿಸುತ್ತಿದ್ದದ್ದು ಹುದ್ದೆಯಿಂದಲ್ಲ, ಬಿಳಿ ಬಟ್ಟೆಯಿಂದ. ಮದುವೆಯ ಬೈಠಕ್ಕಿಗೋ ಕೀರ್ತನಕಾರರ ಗಾದಿಗೋ ಬಿಳಿ ಚಾದರ ಬೇಕಾದರೆ "ಅವರ ಮನಿಯಿಂದ ತರ್ರಿ" ಎನ್ನುತ್ತಿದ್ದರು. ಬೇರೆ ಮನೆಯ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅಂಥ ಮನೆಗೆ ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಸೊಸೆಯಾಗಿ ಬಂದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ದಿನಾ ಬೆಳಿಗ್ಗೆ ನಮ್ಮ ಕಾಲರು, ಉಗುರು, ಕಿವಿಯ ಹಿಂಭಾಗ ನೋಡಿ ಒಳಗೆ ಬಿಡುತ್ತಿದ್ದರು. ಹೀಗಾಗಿ ಕಲೆ ಎಂಬುದನ್ನು ಸಹಿಸುವ ಅಭ್ಯಾಸ ನನಗೆ ತವರಿನಲ್ಲೂ ಆಗಲಿಲ್ಲ, ಶಾಲೆಯಲ್ಲೂ ಆಗಲಿಲ್ಲ. ಆದರೂ ನಾನು ಎಲ್ಲಿ ಸ್ವಚ್ಛತೆಗೆ ಸೆರಗು ಕಟ್ಟಿ ನಿಂತೆನೋ ಅಲ್ಲೆಲ್ಲ ಏನಾದರೊಂದು ಫಜೀತಿ ನಡೆದೇ ತೀರುತ್ತಿತ್ತು. ಕೊನೆಗೆ ಒಬ್ಬ ಸಾಬೂನಿನ ಏಜೆಂಟ ಊರೆಲ್ಲ ಕೇಳುವಂತೆ ನಮ್ಮ ಚಾದರಕ್ಕೇ ಕಲೆ ಇದೆ ಎಂದು ಸಾರಿದ. ಆ ಮಾತಿಗಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ಸಾಬೂನಿಗೂ ಮಡಿ

ನಾನು ಮದುವೆಯಾಗಿ ಬಂದಾಗ ಮನೆಯಲ್ಲಿ ಬಟ್ಟೆಗೆ ಸವಳು ಮಣ್ಣು, ರೇಷ್ಮೆಗೆ ಅಂಟವಾಳಕಾಯಿ, ತಲೆಗೆ ಸೀಗೆಕಾಯಿ, ಹಿತ್ತಾಳೆಗೆ ಹುಣಸೆಹಣ್ಣು, ಉಳಿದದ್ದಕ್ಕೆಲ್ಲ ಒಲೆಯ ಬೂದಿ. ನಾನು ಟ್ರಂಕಿನಿಂದ ಬಟ್ಟೆ ಒಗೆಯುವ ಸಾಬೂನಿನ ಒಂದು ಉದ್ದನೆಯ ಗಟ್ಟಿ ತೆಗೆದು ಅತ್ತೆಯವರ ಮುಂದಿಟ್ಟೆ.

"ಇದರಾಗ ಏನೇನೈತಿ?" ಎಂದರು.

"ಎಣ್ಣಿ ಐತ್ರಿ ಅತ್ಯಾರ, ಕಾಸ್ಟಿಕ್ ಸೋಡಾ ಐತ್ರಿ."

"ಎಣ್ಣಿ ಹಚ್ಚಿ ಎಣ್ಣಿ ಜಿಡ್ಡು ತಗೀತಾರ? ಇದನ್ನ ಕಲಿಸಾಕ ನಿಮ್ಮಪ್ಪ ಅಷ್ಟು ದೂರ ಕಳಿಸಿದ್ರೇನು?"

ಎರಡು ದಿನ ವಾದ ನಡೆಯಿತು. ಮೂರನೆಯ ದಿನ ಅತ್ತೆಯವರು ಒಂದು ಷರತ್ತಿನ ಮೇಲೆ ಒಪ್ಪಿದರು. ಯಾರ‍್ಯಾರ ಕೈ ದಾಟಿ ಬಂದದ್ದೋ ಏನೋ, ಮಡಿಬಟ್ಟೆಗೆ ತಾಗುವ ಮೊದಲು ಸಾಬೂನೇ ಮಡಿಯಾಗಬೇಕು. ಮೊದಲು ಅದನ್ನು ಸವಳಿನಲ್ಲಿ ತಿಕ್ಕಿದರು. ಆಮೇಲೆ ಬೂದಿಯಲ್ಲಿ ತಿಕ್ಕಿದರು. ಕೊನೆಗೆ ಬಚ್ಚಲಿನ ಹಂಡೆಯ ಕುದಿಯುವ ನೀರಿನಲ್ಲಿ ಮುಳುಗಿಸಿ, "ಪೂಜಿ ಮುಗಿಯೂತನಕ ಇರಲಿ" ಎಂದು ದೇವರ ಕೋಣೆಗೆ ಹೋದರು. ಅಂದು ಏಕಾದಶಿ. ಪೂಜೆ ದೀರ್ಘವಾಗಿತ್ತು.

ಮಧ್ಯಾಹ್ನ ಹಂಡೆಯಲ್ಲಿ ಕೈಯಾಡಿಸಿದರೆ ಏನೂ ಇಲ್ಲ. ಅತ್ತೆಯವರು ಗಂಭೀರವಾಗಿ ಹೇಳಿದರು:

"ನೋಡು, ಮಡಿ ಮಾಡಿದ್ರ ಉಳೀಲೇ ಇಲ್ಲ. ಅಂದ್ರ ಅದು ಪೂರಾ ಮೈಲಿಗೀನ ಇತ್ತು."

ಹೊಲಸು ಬಟ್ಟೆ ಬೇಕಾಗಿದೆ

ನಮ್ಮ ಬಿಳಿ ಚಾದರಗಳನ್ನು ನೇಯುತ್ತಿದ್ದವರು ಬನಹಟ್ಟಿಯ ಒಬ್ಬ ನೇಕಾರರು. ಹೊಸದು ತರಲು ಹೋಗುವಾಗ ನಮ್ಮ ಮಡಿವಾಳತಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ನೂಲನ್ನು ಬೆರಳಲ್ಲಿ ಹಿಡಿದು "ಇದು ನಾಲ್ಕು ವರ್ಷ ನನ್ನ ಕಲ್ಲಿನ ಪೆಟ್ಟು ತಿಂತೈತಿ" ಎಂದು ಅವಳು ಹೇಳಿದರೆ ಮಾತ್ರ ನಾನು ಕೊಳ್ಳುತ್ತಿದ್ದದ್ದು.

ಒಮ್ಮೆ ಹಾಗೆ ಹೋದಾಗ ಪಕ್ಕದ ರಬಕವಿಯ ಪೇಟೆಯಲ್ಲಿ ಜನ ಮುಕುರಿದ್ದರು. ಮುಂಬಯಿ ಕಡೆಯ ಒಂದು ಸಾಬೂನು ಕಂಪನಿಯ ಏಜೆಂಟ ಮೋಟಾರಿನ ಮೇಲೆ ನಿಂತು ಕೂಗುತ್ತಿದ್ದ:

"ನಿಮ್ಮ ಮನ್ಯಾಗಿನ ಎಲ್ಲಾಕಿಂತ ಹೊಲಸ ಅರಿವಿ ತರ್ರಿ! ನಿಮ್ಮ ಕಣ್ಣ ಮುಂದ ಒಗದ ತೋರಸ್ತೀನಿ! ಒಂದ ತಾಸು ಟೈಮ್ ಐತಿ!"

ಹೆಂಗಸರೆಲ್ಲ ಮನೆಗೆ ಓಡಿದರು. ಒಂದು ತಾಸಿನ ಮೇಲೆ ಸಾಲುಗಟ್ಟಿ ಬಂದರು. ಪ್ರತಿಯೊಬ್ಬರ ಕೈಯಲ್ಲೂ ಮಲ್ಲಿಗೆಯಂಥ ಬಟ್ಟೆ, ಇನ್ನೂ ನೀರು ತೊಟ್ಟಿಕ್ಕುತ್ತಿದೆ!

"ಹೊಲಸ ಅರಿವಿ ತರ್ರಿ ಅಂದ್ರ ಇದೇನ್ರಿ ತಂಗಿ?" ಎಂದು ಏಜೆಂಟ ಮುಂದಿದ್ದ ಒಬ್ಬ ನೇಕಾರರ ಹೆಂಡತಿಯನ್ನು ಕೇಳಿದ.

"ಹೊಲಸಾ ಇತ್ರಿ ಅಣ್ಣಾರ. ಒಗದ ತಂದೇನಿ. ಹೊಲಸ ಅರಿವಿ ಮಂದಿ ಮುಂದ ಹಿಡಿಯಾಕ ನನಗೇನು ಮಾನ ಮರ್ಯಾದಿ ಇಲ್ಲೇನು?"

ಆ ಪೇಟೆಯಲ್ಲಿ ಉಳಿದಿದ್ದ ಹೊಲಸು ಬಟ್ಟೆ ಒಂದೇ ಒಂದು: ಬಿಜಾಪುರದಿಂದ ಧೂಳು ಕುಡಿಯುತ್ತ ಬಂದಿದ್ದ ಏಜೆಂಟನ ಬಿಳಿ ಕೋಟು. ನಮ್ಮ ಮಡಿವಾಳತಿಗೆ ತಡೆಯಲಾಗಲಿಲ್ಲ. ಅದನ್ನು ಬಿಚ್ಚಿಸಿಕೊಂಡು, ಆತ ಕೊಟ್ಟ ಸಾಬೂನನ್ನೂ ಹಿಡಿದು ಬಾವಿಯ ಕಡೆ ಹೋದಳು. ಎರಡು ತಾಸಿನಲ್ಲಿ ಕೋಟು ಕಣ್ಣು ಕುಕ್ಕುವಷ್ಟು ಬೆಳ್ಳಗಾಗಿ ಬಂತು. ಏಜೆಂಟ ಅದನ್ನು ಎತ್ತಿ ಹಿಡಿದು, "ನೋಡ್ರಿ, ನಮ್ಮ ಸಾಬಾಣದ ಪ್ರತಾಪ!" ಎಂದು ಕೂಗಿದ.

"ಸವಳಿನ್ಯಾಗ ಒಗದೇನ್ರಿ ಸಾಹೇಬ್ರ," ಎಂದಳು ಅವಳು. "ನಿಮ್ಮ ಸಾಬಾಣ ಮಾರೂದೈತಲ್ಲ, ಸವೀಬಾರದು ಅಂತ."

ಹೊಲಸಪ್ಪನ ಅಭಿಮಾನಿಗಳು

ಅದೇ ಏಜೆಂಟ ಮರುವಾರ ಜಮಖಂಡಿಗೆ ಬಂದ. ಮೋಟಾರಿನಲ್ಲಿ ಸಿನೆಮಾ ಯಂತ್ರವೂ ಇತ್ತು. ಪರದೆಗೆ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಊರವರು ಎಂದಿನಂತೆ ನಮ್ಮ ಮನೆ ತೋರಿಸಿದರು. ಮಡಿವಾಳತಿ ಒಗೆದು ತಂದಿದ್ದ ಹೊಸ ಚಾದರವನ್ನೇ ಕೊಟ್ಟೆ. ಚೌಕದಲ್ಲಿ ಎರಡು ಗಳ ನೆಟ್ಟು ಕಟ್ಟಿದರು.

ದೀಪ ಹಚ್ಚುವ ಹೊತ್ತಿಗೆ ಯಂತ್ರ ಗರಗರ ಎಂದಿತು. ಮನುಷ್ಯರ ಸಿನೆಮಾ ಪುಣೆಯಲ್ಲಿ ನೋಡಿದ್ದೆ, ಆದರೆ ಇದು ಬೇರೆಯೇ. ಇಲ್ಲಿದ್ದದ್ದು ಬರೆದ ಚಿತ್ರ! ಬರೆದ ಗೆರೆ ಎದ್ದು ನಡೆಯಿತು! ಒಂದು ಸಾಬೂನಿಗೆ ಕೈಕಾಲು ಮೂಡಿ, ಟೊಪ್ಪಿಗೆ ಎತ್ತಿ ನಮಗೆಲ್ಲ ನಮಸ್ಕಾರ ಮಾಡಿತು. ನಾನೂ ಕುಳಿತಲ್ಲಿಂದಲೇ ಕೈಮುಗಿದುಬಿಟ್ಟೆ. ನಿಜವಾದ ಮನುಷ್ಯ ಬಿದ್ದರೆ ಪೆಟ್ಟಾಗುತ್ತದೆ ಎಂದು ನಮ್ಮ ಜೀವ ಹಿಡಿದುಕೊಳ್ಳುತ್ತದೆ. ಬರೆದವನು ಬಿದ್ದರೆ ಚಪಾತಿಯಾಗುತ್ತಾನೆ, ಸುರುಳಿಯಾಗುತ್ತಾನೆ, ಮತ್ತೆ ಎದ್ದು ಮೈ ಝಾಡಿಸಿಕೊಳ್ಳುತ್ತಾನೆ. ಸಾವಿನ ಹೆದರಿಕೆಯಿಲ್ಲದೆ ನಗುವ ಆ ಸುಖವನ್ನು ನಾನು ಅಂದು ಮೊದಲ ಸಲ ಕಂಡೆ.

ಚಿತ್ರದಲ್ಲಿ ಕೊಳೆಯ ಪಾತ್ರವೂ ಇತ್ತು. ಡೊಳ್ಳುಹೊಟ್ಟೆಯ, ಹಲ್ಲುಕಿರಿಯುವ ಕರಿಯ ಮುದ್ದೆ. ಹುಡುಗರು ಅದಕ್ಕೆ ಒಂದೇ ನಿಮಿಷದಲ್ಲಿ ಹೊಲಸಪ್ಪ ಎಂದು ಹೆಸರಿಟ್ಟರು. ಸಾಬೂನು ಅಟ್ಟಿಸಿಕೊಂಡು ಬಂದಂತೆಲ್ಲ ಹೊಲಸಪ್ಪ ಅಂಗಿಯ ಕಿಸೆಯಲ್ಲಿ ಅಡಗಿ ಇಣುಕಿದ, ಗುಂಡಿಯ ತೂತಿನಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು ಒದ್ದಾಡಿದ. ಚೌಕವೆಲ್ಲ ಅವನ ಕಡೆ! "ಓಡಲೇ ಹೊಲಸಪ್ಪಾ, ಓಡು!" ಕೊನೆಗೆ ಸಾಬೂನು ಅವನನ್ನು ತಿಕ್ಕಿ ತಿಕ್ಕಿ ಗುಳ್ಳೆ ಮಾಡಿದಾಗ ನಮ್ಮ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಅದೇನ ಮಾಡಿತ್ತು ಇದಕ್ಕ?" ಎಂದರು.

"ಈಗ ಹೇಳ್ರಿ, ಸಾಬಾಣ ಯಾರಿಗೆ ಬೇಕು?" ಎಂದು ಏಜೆಂಟ ಕೂಗಿದ.

ಹಿಂದಿನಿಂದ ಒಬ್ಬ ರೈತ ಕೇಳಿದ: "ಸಾಬಾಣ ಇರಲಿ ಬಿಡ್ರಿ. ಆ ಹೊಲಸಪ್ಪ ಎಷ್ಟಕ್ಕ ಸಿಗತಾನ?"

ಮುಧೋಳದ ಸಾಕ್ಷಿ

ಆ ನಗೆಗೆ ಏಜೆಂಟನ ಮುಖ ಕೆಂಪಾಯಿತು. ಚಿತ್ರದುದ್ದಕ್ಕೂ ಪರದೆಯ ಬಲ ಮೇಲ್ಮೂಲೆಯಲ್ಲಿ ಬೋರೆಹಣ್ಣಿನಷ್ಟು ಒಂದು ಕಪ್ಪು ಚುಕ್ಕಿ ಕಾಣುತ್ತಿತ್ತು. ಆತ ಅದನ್ನು ಕೋಲಿನಿಂದ ತೋರಿಸಿ ಹೇಳಿದ:

"ನಗ್ರಿ ನಗ್ರಿ. ಚಾದರಕ್ಕ ಕಲೆ ಐತಿ ನೋಡ್ರಿ. ಇಂಥಾ ಮನಿಯವರಿಗೇ ನಮ್ಮ ಸಾಬಾಣ ಬೇಕಾಗಿರೂದು!"

ಎಲ್ಲರ ಕಣ್ಣು ನನ್ನ ಮೇಲೆ. ಮೂರು ತಲೆಮಾರಿನಲ್ಲಿ ಹಾಗೆ ಯಾರೂ ನಮ್ಮನ್ನು ನೋಡಿರಲಿಲ್ಲ. ಮಡಿವಾಳತಿ ನನ್ನ ಪಕ್ಕಕ್ಕೆ ಸರಿದು ಬಂದಳು. "ಅವ್ವಾರ, ನನ್ನ ಕೈಯಾಗಿನ ಅರಿವಿಗೆ ಕಲೆ ಅಂದ್ರ ನನ್ನ ಅನ್ನ ಹೋತ್ರಿ" ಎಂದಳು.

ಮರುದಿನ ಬಿಸಿಲಿನಲ್ಲಿ, ಓಣಿಯ ಹಿರಿಯರೆದುರು ಚಾದರ ಬಿಡಿಸಿದೆವು. ಚುಕ್ಕಿಯ ಸುಳಿವೂ ಇಲ್ಲ. "ರಾತ್ರಿ ಒಗದಿರಬೇಕು" ಎಂದ ಏಜೆಂಟ. ಸಂಜೆ ಎರಡನೆಯ ಆಟಕ್ಕೆ ನಾನೇ ನಿಂತು ಚಾದರವನ್ನು ತಲೆಕೆಳಗಾಗಿ ಕಟ್ಟಿಸಿದೆ. ಕಲೆ ಬಟ್ಟೆಯದಾದರೆ ಕೆಳಗೆ ಬರಬೇಕಲ್ಲ! ಯಂತ್ರ ಹಚ್ಚಿದರೆ ಚುಕ್ಕಿ ಮತ್ತೆ ಮೇಲ್ಮೂಲೆಯಲ್ಲೇ.

"ಈಗೇನಂತೀರಿ?" ಎಂದೆ.

"ಅಂದ್ರ ಎರಡು ಕಲೆ ಅದಾವ್ರಿ ಬಾಯಿಸಾಹೇಬ್ರ," ಎಂದ ಆ ಮಹಾಶಯ.

ಅಂದು ನನ್ನ ತಮ್ಮ ಮುಧೋಳದಿಂದ ತನ್ನ ಬೇಟೆನಾಯಿಯೊಂದಿಗೆ ಬಂದಿದ್ದ. ಮುಧೋಳದ ನಾಯಿ ಮೂಗನ್ನು ನಂಬುವುದಿಲ್ಲ, ಕಣ್ಣನ್ನು ನಂಬುತ್ತದೆ. ಹೊಲಸಪ್ಪನನ್ನು ಅದು ಸಭ್ಯವಾಗಿ ನೋಡಿತು. ಮುಂದಿನ ಚಿತ್ರ ಒಂದು ಮೊಲದ್ದು. ಬರೆದ ಮೊಲ ಕಿವಿ ನಿಮಿರಿಸಿ ಓಡಿತೋ ಇಲ್ಲವೋ, ನಾಯಿ ತಮ್ಮನ ಕೈಯಿಂದ ಬಾಣದಂತೆ ಚಿಮ್ಮಿ ಚಾದರದ ನಟ್ಟನಡುವೆ ಹಾಯ್ದು ಆಚೆ ಹೋಯಿತು! ಚಾದರ ಪರ್ರನೆ ಎರಡು ಹೋಳಾಗಿ ಕೆಳಗೆ ಬಿತ್ತು.

"ನಾಯಿ ಹಿಡೀರಿ! ನಾಯಿ ಹಿಡೀರಿ!" ಎಂದು ಏಜೆಂಟ ಬೆಳಕಿಗೆ ಅಡ್ಡ ಓಡಿಬಂದ. ಮೈಮೇಲೆ ಅದೇ ಬಿಳಿ ಕೋಟು. ಈಗ ಮೊಲ ಅವನ ಎದೆಯ ಮೇಲೆ ಓಡತೊಡಗಿತು. ನಾಯಿ ತಿರುಗಿ ನೋಡಿತು. ಮೊಲ ಅಲ್ಲಿದೆ! ಏಜೆಂಟ ಎಡಕ್ಕೆ ಓಡಿದರೆ ನಾಯಿ ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ಕೊನೆಗೆ ಅದು ಕೋಟಿನ ಹಿಂಬದಿ ಹಲ್ಲಿನಲ್ಲಿ ಹಿಡಿದು ಅವನನ್ನು ನಿಂತಲ್ಲೇ ನಿಲ್ಲಿಸಿತು. ಚೌಕದ ಜನರೆಲ್ಲ ಕಣ್ಣರಳಿಸಿ ನೋಡಿದರು: ಬೆಳ್ಳನೆಯ ಕೋಟಿನ ಬಲ ಭುಜದ ಮೇಲೆ ಬೋರೆಹಣ್ಣಿನಷ್ಟು ಕಪ್ಪು ಚುಕ್ಕಿ!

ಮಡಿವಾಳತಿ ಎದ್ದು ನಿಂತಳು. "ಸಾಹೇಬ್ರ, ಕಲೆ ನಿಮ್ಮ ಮ್ಯಾಲ ಐತ್ರಿ! ಸಾಬಾಣ ಹಚ್ಚಿಕೊಳ್ರಿ!"

ಯಂತ್ರ ಬಿಚ್ಚಿಸಿ ನಾನೇ ನೋಡಿದೆ. ಫಿಲ್ಮು ಹಾಯುವ, ಬೆಳಕು ಹೊರಬೀಳುವ ಕಿಂಡಿಯ ಅಂಚಿಗೆ ಒಂದು ಚೂರು ಅಂಟಿತ್ತು; ಚುಕ್ಕಿ ಅದರ ನೆರಳು. ಉಗುರಿನಿಂದ ಕೆರೆದು ಮೂಸಿದೆ. ಅದು ಆ ಕಂಪನಿಯದೇ ಸಾಬೂನು. ಮಾದರಿಯ ಬಿಲ್ಲೆಗಳನ್ನೂ ಯಂತ್ರವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದ್ದರಂತೆ.

ಬೆಳಗಾಗುವುದರೊಳಗೆ ಮೋಟಾರು ಊರು ಬಿಟ್ಟಿತ್ತು. ನಮ್ಮ ಕಟ್ಟೆಯ ಮೇಲೆ ಒಂದು ಡಜನ್ ಸಾಬೂನು ಇಟ್ಟು ಹೋಗಿದ್ದರು. ಚೀಟಿ ಇರಲಿಲ್ಲ.

ಸಾಬೂನು ಹಾಗೆಯೇ ಇದೆ. ಏಜೆಂಟ ಮಹಾಶಯರೇ, ನೀವು ಬಂದು ಅದನ್ನು ಒಯ್ಯಬಹುದು. ಹರಿದದ್ದನ್ನು ನಾನು ಹೊಲಿಸಿಕೊಂಡಿದ್ದೇನೆ, ಅದರ ದೂರು ನನಗಿಲ್ಲ. ಆದರೆ ಚಾದರದ ಮೇಲೆ ಕಲೆ ಇರಲಿಲ್ಲ. ಆ ಮಾತನ್ನು ಎಲ್ಲಿ ಆಡಿದಿರೋ ಅದೇ ಚೌಕದಲ್ಲಿ, ನನ್ನೆದುರೂ ನಮ್ಮ ಮಡಿವಾಳತಿಯೆದುರೂ ನಿಂತು ಕ್ಷಮೆ ಕೇಳತಕ್ಕದ್ದು.