ಹಳದಿ ಅಕ್ಷರದ ತಕರಾರು

ಮೊಮ್ಮಗಳ ವಿಷಯ ಎತ್ತಿದ ಅಜ್ಜನನ್ನು ನಿಲ್ಲಿಸುವಂಥ ಬ್ರೇಕನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ಈ ಕೊಲ್ಲಿ ದೇಶದ ಟುಬ್ಲಿಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು ಹೇಳುತ್ತಿದ್ದೇನೆ, ನಂಬಬಹುದು. ನನ್ನ ಓದು ಊರಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಮುಗಿಯಿತು. ಹದಿಮೂರು ವರ್ಷದ ನನ್ನ ಮೊಮ್ಮಗಳು ತನ್ವಿಯೋ, ಕಂಪ್ಯೂಟರಿಗೇ ಪಾಠ ಹೇಳುತ್ತಾಳೆ. ಕೆಲಸ ಬಿಟ್ಟ ಮೇಲೆ ಅರಾದ್‌ನಲ್ಲಿ ಅವಳ ಮನೆಯಲ್ಲೇ ಇದ್ದೇನೆ. ಅವಳು ಬರೆಯುತ್ತಾಳೆ, ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹಿಗ್ಗುತ್ತೇನೆ. ನನ್ನ ಮಗಳು ಶೋಭಾ ಆಸ್ಪತ್ರೆಯಲ್ಲಿ ನರ್ಸ್. "ಅಪ್ಪ, ಸ್ವಲ್ಪ ಮೆಲ್ಲ ಹಿಗ್ಗಿ, ಪ್ರೆಶರ್ ಏರ್ತದೆ" ಎನ್ನುತ್ತಾಳೆ.

ತನ್ವಿ ಕಲಿಯುತ್ತಿರುವುದು ಫಂಕ್ಷನಲ್ ಎಂಬ ಪಂಗಡಕ್ಕೆ ಸೇರಿದ ಒಂದು ಕಂಪ್ಯೂಟರ್ ಭಾಷೆ. ಈ ಪಂಗಡದ್ದು ಬಹಳ ಮಡಿಯಂತೆ. ಡಬ್ಬದ ಮೇಲೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಕೊನೆಯವರೆಗೂ ಒಳಗೆ ಸಕ್ಕರೆಯೇ ಇರಬೇಕು. ನಮ್ಮ ಮನೆಯ ಹಾಗೆ ಜಾಮಿನ ಬಾಟಲಿಯಲ್ಲಿ ಉಪ್ಪಿನಕಾಯಿ ತುಂಬಿಸುವಂತಿಲ್ಲ. ಬರೆದದ್ದನ್ನು ಓಡಿಸುವ ಮೊದಲು ಕಂಪೈಲರ್ ಎಂಬ ಮೇಸ್ತ್ರಿ ಅದನ್ನೆಲ್ಲ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಾನೆ. ತಪ್ಪಿದ್ದರೆ ಕೆಂಪು ಅಕ್ಷರ. ಕೆಂಪು ಬಂತೆಂದರೆ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ. ಆದರೆ ಅವನ ಮಾತಿನ ಮರ್ಯಾದೆ ನೋಡಬೇಕು. ತನ್ವಿ ಓದಿ ಅರ್ಥ ಹೇಳುತ್ತಾಳೆ: ಇಲ್ಲಿ ಸಂಖ್ಯೆ ಬರುತ್ತದೆಂದು ಕಾದಿದ್ದೆ, ನೀವು ಹೆಸರು ಕೊಟ್ಟಿದ್ದೀರಿ, ಬಹುಶಃ ಇಂಥದ್ದನ್ನು ಬರೆಯಬೇಕೆಂದಿದ್ದಿರೋ ಏನೋ. ನನ್ನ ಮೊದಲ ಫೋರ್‌ಮನ್‌ಗೆ ಈ ಭಾಷೆ ಬರುತ್ತಿರಲಿಲ್ಲ. ಅವನ ಕೆಂಪು ಅಕ್ಷರವೆಂದರೆ ಹಾರಿ ಬರುವ ಹದಿನಾಲ್ಕನೇ ನಂಬರಿನ ಸ್ಪ್ಯಾನರ್. ತಪ್ಪು ಎಲ್ಲಿದೆ ಎಂದು ಅವನು ಹೇಳುತ್ತಿರಲಿಲ್ಲ, ನಾವು ಬಗ್ಗಬೇಕಿತ್ತು, ಅಷ್ಟೇ.

ಕೆಂಪಿನ ತಮ್ಮ ಹಳದಿ. ಹಳದಿ ಅಕ್ಷರ ಬಂದರೆ ಗಾಡಿ ಓಡುತ್ತದೆ, ಆದರೆ ತಲೆಯೊಳಗೆ ಹುಳ ಬಿಟ್ಟು ಓಡುತ್ತದೆ. ಒಂದು ದಿನ ಬಂದ ಹಳದಿ ಹೀಗಿತ್ತು: ಇದಕ್ಕೆ ಹೆಸರಿಟ್ಟು ಕೂರಿಸಿದ್ದೀರಿ, ಎಲ್ಲಿಯೂ ಉಪಯೋಗಿಸಿಲ್ಲ. ನಾನು ಸ್ಟೂಲಿನ ಮೇಲೆ ಸ್ವಲ್ಪ ನೆಟ್ಟಗಾದೆ. ರಿಟೈರ್ ಆದವರ ಎದುರು ಹೀಗೆಲ್ಲ ಮಾತಾಡಬಾರದು. ಹಾಗೆ ನೋಡಿದರೆ ಹಳದಿ ನನಗೆ ಹೊಸತಲ್ಲ. ಕಾರಿನಲ್ಲಿ ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಹಳದಿ ದೀಪ ಹತ್ತಿದರೆ ಗಿರಾಕಿಗಳು 'ಖಲ್ಲಿ ವಲ್ಲಿ' ಎನ್ನುತ್ತಿದ್ದರು. ಬಿಡು ಮಾರಾಯ, ಹೋಗಲಿ ಎಂದು ಅರ್ಥ. ದೀಪ ಕಣ್ಣಿಗೆ ಚುಚ್ಚುತ್ತದೆ ಎಂದವರಿಗೆ ಅದರ ಮೇಲೆ ಒಂದು ಚೂರು ಕರಿ ಟೇಪು ಅಂಟಿಸಿ ಕೊಟ್ಟವನೂ ನಾನೇ. ಅವರಲ್ಲಿ ಹೆಚ್ಚಿನವರು ಬೇರೆ ಗಾಡಿಗೆ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂದರು.

ಶಾಲೆಯ ಪ್ರದರ್ಶನಕ್ಕೆಂದು ತನ್ವಿ ಈ ಸಲ ಬರೆದದ್ದು ನನ್ನ ಪ್ರೆಶರ್ ಮಾತ್ರೆಗಾಗಿ. ಹಳೆಯ ಫೋನೊಂದರಲ್ಲಿ ಕೂತು ಅದು ನನ್ನನ್ನು ಕಾಯಬೇಕು. ಬೆಳಗಿನ ಮಾತ್ರೆಗೆ ಮೂರು ಗತಿ: ತಿಂದಾಯಿತು, ಇನ್ನೂ ತಿಂದಿಲ್ಲ, ಮರೆತುಹೋಯಿತು. ಬೆಳಿಗ್ಗೆ ಎಂಟರೊಳಗೆ ನಾನು 'ತಿಂದೆ' ಎಂದು ಫೋನಿನ ಗುಂಡಿ ಒತ್ತದಿದ್ದರೆ ಮರೆತದ್ದೆಂದೇ ಲೆಕ್ಕ. ತಿಂದರೆ ಹಸಿರು ಗುರುತು, ತಿಂದಿಲ್ಲವಾದರೆ ಗಂಟೆ ಬಾರಿಸು ಎಂದು ಬರೆದು ಮೇಸ್ತ್ರಿಗೆ ಒಪ್ಪಿಸಿದಳು. ಹಳದಿ ಬಂತು. ಎರಡಕ್ಕೆ ದಾರಿ ಹೇಳಿದ್ದೀರಿ, 'ಮರೆತುಹೋಯಿತು' ಬಂದರೆ ನಾನೇನು ಮಾಡಲಿ ಎಂದು ಅವನ ತಕರಾರು.

ತನ್ವಿಗೆ ಅದು ತಕರಾರೇ ಅಲ್ಲ. "ಅದು ಬರುದೇ ಇಲ್ಲ. ಅಜ್ಜ ಮರೆಯುದಿಲ್ಲ ಅಲ್ವಾ?" ಎಂದು ಒಂದು ಅಡ್ಡಗೀಟು ಹಾಕಿದಳು. ಉಳಿದದ್ದು ಏನೇ ಬಂದರೂ ಸುಮ್ಮನಿರು ಎಂದು ಆ ಗೀಟಿನ ಅರ್ಥವಂತೆ. ಹಳದಿ ಮಾಯವಾಯಿತು. ನಾನು ಆ ಪುಟ್ಟ ಕರಿ ಗೀಟನ್ನೇ ನೋಡುತ್ತಾ ಕೂತೆ. ಟೇಪನ್ನು ಎಲ್ಲಿ ಕಂಡರೂ ನನಗೆ ಗುರುತು ಸಿಗುತ್ತದೆ.

ಯಾಕೆಂದರೆ ನಾನು ಮರೆಯುತ್ತೇನೆ. ಶನಿವಾರ ಬೆಳಿಗ್ಗೆ ತನ್ವಿಯನ್ನು ಸೇತುವೆ ದಾಟಿಸಿ ಮನಾಮದ ಡ್ಯಾನ್ಸ್ ಕ್ಲಾಸಿಗೆ ಬಿಡುವುದು ನನ್ನ ಡ್ಯೂಟಿ. ವಾರವಿಡೀ ಅವಳು ಇಂಗ್ಲಿಷಿಗೆ ಸೇರಿದವಳು. ಕಾರಿನೊಳಗಿನ ಆ ಇಪ್ಪತ್ತು ನಿಮಿಷ ಮಾತ್ರ ನನ್ನವಳು, ಬಾಯಿ ಮುಚ್ಚದೆ ಮಾತಾಡುತ್ತಾಳೆ. ಹಿಂದಿನ ಶನಿವಾರ ಎರಡು ದಿನದ ಮಾತ್ರೆ ತಪ್ಪಿತ್ತು. ಸಿಗ್ನಲಿನ ಹತ್ತಿರ ರಸ್ತೆ ಒಮ್ಮೆ ವಾಲಿದ ಹಾಗಾಯಿತು. ಗಾಡಿ ಬದಿಗೆ ಹಾಕಿ, ಟೈರ್ ನೋಡುತ್ತೇನೆ ಎಂದು ಇಳಿದು, ಬಾನೆಟ್ ಹಿಡಿದುಕೊಂಡು ನಿಂತಿದ್ದೆ. ಇದನ್ನು ಬಾಯಿ ಬಿಟ್ಟರೆ ಶೋಭಾ ಕೀ ತೆಗೆದುಕೊಳ್ಳುತ್ತಾಳೆ, ನನ್ನ ಇಪ್ಪತ್ತು ನಿಮಿಷ ಹೋಯಿತು. ಬಿಡದಿದ್ದರೆ, ಮುಂದಿನ ಶನಿವಾರವೂ ಪಕ್ಕದ ಸೀಟಿನಲ್ಲಿ ಕೂರುವವಳು ತನ್ವಿ.

"ಗೀಟು ತೆಗಿ ಮಗಾ," ಎಂದೆ. "ಅಜ್ಜ ಮರೀತಾರೆ."

ಅವಳು ತಮಾಷೆ ಎಂದುಕೊಂಡಳು. ಶನಿವಾರದ ಕಥೆ ಹೇಳಿದೆ.

"ಹಾಗಾದ್ರೆ ಟೈರ್ ಸರಿ ಇತ್ತಾ?"

"ಟೈರಿಗೆ ಎಂತದೂ ಆಗಿರ್ಲಿಲ್ಲ."

ಗೀಟು ಅಳಿಸಿದಳು. ಅಲ್ಲಿ ಎಂತ ಬರೆಯಲಿ ಎಂದು ಮೇಸ್ತ್ರಿಯ ಪ್ರಶ್ನೆಯನ್ನೇ ನನ್ನ ಕಡೆ ತಿರುಗಿಸಿದಳು. ಅಮ್ಮನಿಗೆ ಮೆಸೇಜ್ ಹೋಗಲಿ, ಆ ದಿನ ಅಜ್ಜನಿಗೆ ಕಾರಿನ ಕೀ ಇಲ್ಲ ಎಂದು ಹೇಳಿ ಬರೆಸಿದೆ. ಅವಳು ನನ್ನ ಮುಖ ನೋಡದೆ ಟೈಪ್ ಮಾಡಿದಳು. ಈ ಸಾಲಿಗಾದರೂ ಮೇಸ್ತ್ರಿ ಒಂದು ತಕರಾರು ತೆಗೆದಾನು ಎಂಬ ಆಸೆ ನನಗಿತ್ತು. ಅವನಿಗೆ ಎಲ್ಲವೂ ಸರಿ ಕಂಡಿತು.

ಡ್ಯೂಟಿ ಮುಗಿಸಿ ಬಂದ ಶೋಭಾಳಿಗೆ ನಾನೇ ಹೇಳಿದೆ. ಅವಳು ಬೈಯಲಿಲ್ಲ. ನರ್ಸುಗಳು ನಿಜಕ್ಕೂ ಹೆದರಿದಾಗ ಬೈಯುವುದಿಲ್ಲ, ತೋಳಿಗೆ ಪ್ರೆಶರ್ ನೋಡುವ ಪಟ್ಟಿ ಸುತ್ತುತ್ತಾರೆ. ಕೀ ಅವಳ ಪರ್ಸಿಗೆ ಹೋಯಿತು. ಮೂರು ಶನಿವಾರ ತನ್ವಿಯನ್ನು ಅವಳಪ್ಪ ಬಿಟ್ಟು ಬಂದರು. ನಾನು ಬಾಲ್ಕನಿಯಲ್ಲಿ ನಿಂತು ಪಕ್ಕದ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳನ್ನು ಎಣಿಸಿದೆ. ಮಾತ್ರೆ ತಪ್ಪದಿದ್ದರೆ ಓಡಿಸಬಹುದು ಎಂದು ಡಾಕ್ಟರು ಪರೀಕ್ಷಿಸಿ ಹೇಳಿದ ಮೇಲೆ ಮನೆಯಲ್ಲಿ ತೀರ್ಮಾನವಾಯಿತು: ಹಸಿರು ಗುರುತು ಬಂದ ದಿನ ಕೀ. ಪ್ರದರ್ಶನದಲ್ಲಿ ತನ್ವಿಗೆ ಬಹುಮಾನ ಬರಲಿಲ್ಲ. ಕೊಡುವವರಿಗೆ ಕಣ್ಣಿಲ್ಲ ಎಂಬುದು ನನ್ನ ನಿಷ್ಪಕ್ಷಪಾತ ಅಭಿಪ್ರಾಯ.

ನಾಲ್ಕನೇ ಶನಿವಾರ ಫೋನಿನ ಮುಂದೆ ನಿಂತಾಗ ನನ್ನೊಳಗಿನ ಗ್ಯಾರೇಜು ಎಚ್ಚರವಾಯಿತು. ಮಾತ್ರೆ ನುಂಗದೆ ಬರೇ ಗುಂಡಿ ಒತ್ತಿದರೆ ನಿನ್ನ ಮೇಸ್ತ್ರಿಗೆ ಗೊತ್ತಾಗುತ್ತದಾ ಎಂದು ತನ್ವಿಯನ್ನು ಕೇಳಿದೆ. ಅವಳು ಶೂ ಲೇಸ್ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ಇಲ್ಲ ಅಜ್ಜ. ಅದು ನಾನು ಬರ್ದದ್ದನ್ನು ಚೆಕ್ ಮಾಡ್ತದೆ. ನಿಮ್ಮನ್ನು ಚೆಕ್ ಮಾಡುದಿಲ್ಲ. ಅಲ್ಲಿ ನಾನು ನಿಮ್ಮನ್ನು ಟ್ರಸ್ಟ್ ಮಾಡಿದ್ದು."

ಸಾಲು ಸಾಲಿಗೂ ತಪಾಸಣೆ ಇರುವ ಈ ಇಡೀ ಏರ್ಪಾಟಿನಲ್ಲಿ ತಪಾಸಣೆ ಇಲ್ಲದೆ ಪಾಸಾದ ಸಾಮಾನು ನಾನೊಬ್ಬನೇ. ಅನುಭವಸ್ಥ ಮೆಕ್ಯಾನಿಕ್ ಆಗಿ ಹೇಳುವುದಾದರೆ, ಇಂಥ ಸಾಮಾನಿನ ಮೇಲೆ ನಾನಂತೂ ಗಾಡಿ ಬಿಡುತ್ತಿರಲಿಲ್ಲ. ಮಾತ್ರೆ ನುಂಗಿದೆ, ನೀರು ಕುಡಿದೆ, ಗುಂಡಿ ಒತ್ತಿದೆ, ಸಾಲದೆಂದು ಬಾಯಿ ಅಗಲಿಸಿ ನಾಲಿಗೆಯನ್ನೂ ಎತ್ತಿ ತೋರಿಸಿದೆ. ತನ್ವಿ ನೋಡಲೇ ಇಲ್ಲ. ಅಮ್ಮನಿಂದ ಕೀ ತಂದು ನನ್ನ ಅಂಗೈಗೆ ಹಾಕಿ, ಲೇಟಾಯ್ತು ಬನ್ನಿ ಎಂದು ಮೆಟ್ಟಿಲಿಳಿದಳು. ನಾನು ಬಾಯಿ ತೆರೆದುಕೊಂಡೇ ಅವಳ ಹಿಂದೆ ಹೋದೆ.