ಹಿತ್ತಿಲ ಬಾಂದುಕಲ್ಲು

ಬೆಂಗಳೂರಿನ ಹೊರಮಾವಿನ ಬೈಲಪ್ಪ ಆ ಬೆಳಿಗ್ಗೆ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಮಧ್ಯಾಹ್ನ ಸರ್ವೆಯರ್ ಬರುವವರಿದ್ದರು. ಅವನ ಹೊಸ ಕಾಂಪೌಂಡು ಪಡುವಣಕ್ಕೆ ಎರಡಡಿ ಒತ್ತಿಕೊಂಡು ತನ್ನ ಜಾಗದಲ್ಲಿ ನಿಂತಿದೆ ಎಂದು ಪಕ್ಕದ ವೆಂಕಟಸ್ವಾಮಿ ದೂರು ಕೊಟ್ಟಿದ್ದ. ದೂರು ನಿಜವಾಗಿತ್ತು.

ಆ ಬೀದಿಯ ಸೈಟುಗಳನ್ನೆಲ್ಲ ಅಳೆಯುತ್ತಿದ್ದುದು ಅವನ ಹಿತ್ತಿಲಿನ ಒಂದೇ ಒಂದು ಬಾಂದುಕಲ್ಲಿನಿಂದ. ಆ ಕಲ್ಲನ್ನೇ ಎರಡಡಿ ಪಡುವಣಕ್ಕೆ ಸರಿಸಿಬಿಟ್ಟರೆ? ಕೆಟ್ಟ ಬುದ್ಧಿಗೆ ಯಾರೂ ಕರೆ ಕಳಿಸಬೇಕಾಗಿಲ್ಲ, ತಾನಾಗಿ ಬರುತ್ತದೆ. ಮನೆಯಲ್ಲಿ ಹಾರೆ ಇರಲಿಲ್ಲ. ತೆಂಗಿನ ಸಸಿ ನೆಡಬೇಕೆಂದು ಸುಳ್ಳು ಹೇಳಿ, ನಾಚಿಕೆ ಬಿಟ್ಟು ವೆಂಕಟಸ್ವಾಮಿಯನ್ನೇ ಕೇಳಿದ. ತಿಂಗಳಿಂದ ಮಾತು ಬಿಟ್ಟಿದ್ದ ಆಸಾಮಿ ನಗುನಗುತ್ತ ತಂದುಕೊಟ್ಟ.

ಮೂಡಣದ ರಸ್ತೆಬದಿಯ ಸಾಲು ರೂಮುಗಳಲ್ಲಿ ಒಂದರಲ್ಲಿ ಬಾಡಿಗೆಗಿದ್ದ ಕಲಬುರಗಿಯ ಭೀಮಾಶಂಕರ, ಕೆಲಸಕ್ಕೆ ಹೊರಟವನು, ಓನರ್ ಏದುಸಿರು ಬಿಡುವುದನ್ನು ಕಂಡು ಕನಿಕರದಿಂದ ಕೈಜೋಡಿಸಿದ. ಕಲ್ಲು ಸರಿಯಿತು. ಹಸಿಮಣ್ಣು ಕಾಣದಂತೆ ಹೆಂಡತಿ ಯಂಕಮ್ಮ ಅರಿಸಿನ ಕುಂಕುಮ ಹಚ್ಚಿ ಸುತ್ತ ಸೇವಂತಿಗೆ ಸುರಿದಳು.

ಸರ್ವೆಯರ್ ಕಲ್ಲು ಕಂಡು ಚಪ್ಪಲಿ ಬಿಟ್ಟರು. "ಇದು ಮೊದಲಿಂದ ಇಲ್ಲೇ ಇದೆಯೇನ್ರಿ?"

"ನಮ್ಮಜ್ಜನ ಕಾಲದಿಂದ ಇಲ್ಲೇ ಐತೆ ಸಾ. ಮನೆದೇವ್ರಾಣೆ."

ಕಲ್ಲಿನಿಂದ ಅಳತೆಯ ಸರಪಳಿ ಪಡುವಣಕ್ಕೆ ಹೋಯಿತು. ಕಾಂಪೌಂಡು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಬೈಲಪ್ಪ ಟೀ ತರಲು ಹೆಂಡತಿಗೆ ಕೂಗಿ ಹೇಳಿದ. ಆದರೆ ಸರ್ವೆಯರ್ ಸರಪಳಿ ಮಡಚದೆ ಮೂಡಣಕ್ಕೆ ತಿರುಗಿದರು.

"ಆ ಕಡೆ ತಕರಾರಿಲ್ಲ ಸಾ," ಎಂದ ಬೈಲಪ್ಪ.

"ಸೈಟಿಗೆ ಎರಡು ಕಡೆ ಇರುತ್ತಲ್ರೀ."

ಸರಪಳಿ ಅಂಗಳ ದಾಟಿ, ಬಾಡಿಗೆ ರೂಮಿನ ಹೊಸ್ತಿಲು ದಾಟಿ, ಭೀಮಾಶಂಕರನ ಹಾಸಿಗೆ ಸುರುಳಿಯ ಹತ್ತಿರ ಮುಗಿಯಿತು. ಅಲ್ಲೊಂದು ಕೆಂಪು ಗೆರೆ ಬಿತ್ತು. ಅದರಾಚೆಯ ಎರಡಡಿ ರಸ್ತೆಗೆ ಸೇರಿದ್ದು, ಸಾಲು ರೂಮುಗಳ ಗೋಡೆಯನ್ನೆಲ್ಲ ಒಡೆಯಬೇಕು ಎಂದರು ಸರ್ವೆಯರ್. ಬೈಲಪ್ಪನ ಸಂಸಾರ ನಡೆಯುತ್ತಿದ್ದುದೇ ಆ ರೂಮುಗಳ ಬಾಡಿಗೆಯಿಂದ.

ಸಂಜೆ ಕೆಲಸದಿಂದ ಬಂದ ಭೀಮಾಶಂಕರ ಗೆರೆ ನೋಡಿದ. "ಅಂದ್ರ ನಾ ಇನ್ನ ರಸ್ತೆದಾಗ ಮಕ್ಕೋಬೇಕೇನ್ರಿ?"

ಕಲ್ಲು ಸರಿಸಿದ್ದು ನಾನೇ ಎಂದರೆ ಕೇಸು. ಸುಮ್ಮನಿದ್ದರೆ ರೂಮು ಹೋಯಿತು. ವೆಂಕಟಸ್ವಾಮಿಗೆ ಮಾತ್ರ ಏನೂ ನಷ್ಟವಿರಲಿಲ್ಲ. ಅದೇ ಕಲ್ಲಿನಿಂದ ಅಳೆದಾಗ ಈ ಕಡೆ ಹೋದ ಎರಡಡಿ ಅವನ ಸೈಟಿನ ಪಡುವಣದ ಬಯಲಿನಲ್ಲಿ ಸಿಕ್ಕಿತ್ತು. ಬೈಲಪ್ಪ ಹಾರೆ ಹಿಂದಿರುಗಿಸಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ.

"ನಿನ್ನತ್ರಾನೇ ಇರ್ಲಿ ಬೈಲಪ್ಪಣ್ಣ," ಎಂದ. "ಗೋಡೆ ಒಡೆಯೋಕೆ ಬೇಕಾಗುತ್ತೆ."