ಆಯುಧಪೂಜೆಯೂ ನನ್ನ ತೆರವು ಕಾರ್ಯಾಚರಣೆಯೂ

ಕಂಪ್ಯೂಟರಿನ ಮೆಮೊರಿಯಲ್ಲಿ ಬೇಡದ ಸರಕು ಒತ್ತುವರಿ ಮಾಡಿಕೊಂಡು ಕೂತರೆ, ತಾನೇ ಪತ್ತೆಹಚ್ಚಿ ತೆರವು ಮಾಡುವ ಪ್ರೋಗ್ರಾಮೊಂದನ್ನು ನಾನು ಬರೆದೆ. ಒಂದೇ ಯಂತ್ರದ ಕಸವನ್ನು ಯಾರು ಬೇಕಾದರೂ ಗುಡಿಸಿಯಾರು. ಹೆಬ್ಬಾಳದ ನಮ್ಮ ಬಸ್ ಟಿಕೆಟ್ ಕಂಪನಿಯಲ್ಲಿ ಇದ್ದದ್ದು ಹಲವು ಯಂತ್ರಗಳು. ಒಂದು ಯಂತ್ರ ಸೀಟು ಹಿಡಿದಿಡುತ್ತದೆ, ಇನ್ನೊಂದು ಹಣ ಕಟ್ಟಿಸಿಕೊಳ್ಳುತ್ತದೆ. 'ಆ ಸೀಟು ನನಗಿನ್ನೂ ಬೇಕು' ಎಂದು ಎರಡನೆಯದು ಆಗಾಗ ಕೂಗುತ್ತಿರಬೇಕು. ಐದು ನಿಮಿಷ ಕೂಗದಿದ್ದರೆ? ಸತ್ತಿದೆ! ಸೀಟು ತೆರವು!

"ಐದು ನಿಮಿಷ ಸಾಕಾ ಸಾರ್?" ಎಂದರು ಮ್ಯಾನೇಜರು.

"ಬದುಕಿರೋನು ಐದು ನಿಮಿಷ ಬಾಯಿ ಮುಚ್ಕೊಂಡಿರೋದನ್ನ ಬೆಂಗಳೂರಲ್ಲಿ ನೋಡಿದೀರಾ?"

ಆಯುಧಪೂಜೆ ಬಂತು. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಪೆಟ್ಟಿಗೆಯ ಮುಂದೆ ನಮ್ಮ ಸೆಕ್ಯುರಿಟಿ, ಜಕ್ಕೂರಿನ ಮುನಿಯಪ್ಪ, ಒದ್ದೆ ಬಟ್ಟೆ ಹಿಡಿದು ನಿಂತ.

"ಸಾಮಿ, ಇಂಗೇ ಒರೆಸಿದ್ರೆ ಶಾಕ್ ಒಡೀತದೆ."

ಲೋಕಕಲ್ಯಾಣಾರ್ಥವಾಗಿ ನಾನೇ ಸ್ವಹಸ್ತದಿಂದ ಸ್ವಿಚ್ ಆರಿಸಿದೆ. ಒರೆಸಿದೆವು, ವಿಭೂತಿ ಬಳಿದೆವು, ಚೆಂಡುಹೂವು ಮುಡಿಸಿದೆವು. ಅಷ್ಟು ಹೊತ್ತೂ ಒಂದು ಯಂತ್ರದ ಕೂಗು ಇನ್ನೊಂದಕ್ಕೆ ಕೇಳಿಸಿರಲಿಲ್ಲ; ಮಂಗಳಾರತಿಯ ಹೊತ್ತಿಗೆ ಆರನೇ ನಿಮಿಷ!

ಮೊಬೈಲ್ ಬಡಿದುಕೊಂಡಿತು. ನನ್ನ ಹೆಂಡತಿ ವಿಮಲಾ. ಮಾರನೆಯ ದಿನ ಹಾಸನದಲ್ಲಿ ಅವಳ ತಂಗಿಯ ನಿಶ್ಚಿತಾರ್ಥ.

"ರೀ, ನಿಮ್ಮ ಕಂಪನೀಲೇ ಕೊನೇ ಎರಡು ಸೀಟು ಹಿಡಿದು ದುಡ್ಡು ಕಟ್ತಾ ಇದ್ದೆ. ಬೇರೆಯೋರಿಗೆ ಕೊಟ್ಬಿಟ್ಟಿದೆ! ಯಾವ ಮುಠ್ಠಾಳ ಕಣ್ರೀ ಇದನ್ನ ಬರೆದಿರೋದು?"

ಆ ಮುಠ್ಠಾಳನ ಕೈಯಲ್ಲಿ ಆಗ ಕರ್ಪೂರ ಉರಿಯುತ್ತಿತ್ತು.

ಮರುದಿನ ಬೆಳಗ್ಗೆ ಯಶವಂತಪುರದಲ್ಲಿ ಕಿಕ್ಕಿರಿದ ಸರ್ಕಾರಿ ಬಸ್ಸು. ವಿಮಲಾ ನುಗ್ಗಿ ಒಂದು ಸೀಟು ಸಂಪಾದಿಸಿದಳು. ಪಕ್ಕದ ಸೀಟಿನ ಮೇಲೆ ಟವೆಲ್ಲೊಂದು ಬಿದ್ದಿತ್ತು. ವಾರಸುದಾರರಿಲ್ಲ. ಗಡಿಯಾರ ನೋಡುತ್ತ ಐದು ನಿಮಿಷ ಕಾದೆ. ಯಾರೂ ಕೂಗಲಿಲ್ಲ. ಟವೆಲ್ಲನ್ನು ಮಡಿಸಿ ಮೇಲಿಟ್ಟು, ನಿಯಮಾನುಸಾರ ಆಸೀನನಾದೆ.

"ಏನಪ್ಪಾ, ಟವಲ್ ಕಣ್ಣಿಗೆ ಕಾಣಾಕಿಲ್ವಾ?" ಕಡಲೆಕಾಯಿ ಪೊಟ್ಟಣ ಹಿಡಿದ ಅಜ್ಜಿಯೊಬ್ಬರು ಎದುರಿಗೆ ನಿಂತಿದ್ದರು.

"ಅಲ್ಲಜ್ಜಿ, ನೀವು ಐದು ನಿಮಿಷದಿಂದ ಇರ್ಲೇ ಇಲ್ಲ..."

"ಇಲ್ಲ ಅಂದ್ರೆ ಸತ್ತೋದ್ನಾ? ಏಳು ಮೇಲಕ್ಕೆ!"

ಬಸ್ಸಿಗೆ ಬಸ್ಸೇ ಅಜ್ಜಿಯ ಪರ. ಎದ್ದೆ. ಅಷ್ಟರಲ್ಲಿ ಕಂಡಕ್ಟರ್ ಬಂದು ವಿಮಲಾಳನ್ನು ಕೇಳಿದ: "ಎಷ್ಟು ಟಿಕೆಟ್ ತಾಯಿ? ಇವ್ರು ನಿಮ್ಮೋರಾ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂದೇ ಕೊಡಿ."

ನನ್ನ ಟಿಕೆಟ್ಟನ್ನು ನಾನೇ ತಗೊಂಡೆ. ಹಾಸನದವರೆಗೆ, ನಿಂತು.